ರಸ್ತೆಯ ಸಾವು ಮತ್ತು ನಮ್ಮ ತವಕ್ಕುಲ್

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅವನ ಅನುಗ್ರಹವಿರಲಿ.

ಸಹೋದರರೇ, ಅಪಘಾತದಲ್ಲಿ ಯಾರಾದರೂ ತೀರಿಕೊಂಡ ಮನೆಗೆ ಹೋದಾಗ, ಅವರ ಆಯುಷ್ಯ ಅಷ್ಟೇ ಇತ್ತು ಎಂದು ನಾವು ಸಾಂತ್ವನ ಹೇಳುತ್ತೇವೆ. ಮಾತು ನಿಜ. ಮರಣದ ಗಳಿಗೆ ಅಲ್ಲಾಹನ ಬಳಿ ನಿಶ್ಚಿತವಾಗಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಆಸರೆಯಾಗುವುದೂ ಇದೇ ವಿಶ್ವಾಸ. ಆದರೆ ಅದೇ ಮಾತನ್ನು ನಾವು ಬೇರೆ ಕಡೆಯೂ ಬಳಸುತ್ತೇವೆ. ಹೆಲ್ಮೆಟ್ ಎಲ್ಲಿ ಎಂದು ಕೇಳಿದರೆ, ಬರೆದದ್ದು ತಪ್ಪೀತೇ ಎನ್ನುತ್ತೇವೆ. ಶೋಕದ ಮನೆಯಲ್ಲಿ ಈಮಾನ್ ಆಗಿದ್ದ ಮಾತು ಬೈಕಿನ ಮೇಲೆ ಬರೀ ನೆಪವಾಗುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಅಗಲಗೊಳಿಸಿ ಕಟ್ಟಿತು. ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ, ಊರುಗಳಿಗೆಲ್ಲ ಬೈಪಾಸ್. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಪ್ರಯಾಣದ ಸಮಯ ಅರ್ಧಕ್ಕೆ ಇಳಿಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಆ ಒಂದೇ ವರ್ಷದಲ್ಲಿ ಆ ರಸ್ತೆಯಲ್ಲಿ 188 ಮಂದಿ ಪ್ರಾಣ ಕಳೆದುಕೊಂಡರು. ಹೊಸ ರಸ್ತೆಯ ಹುಮ್ಮಸ್ಸಿನಲ್ಲಿ ಕಾರು ಓಡಿಸಿದವರೂ ಅದರಲ್ಲಿದ್ದರು, ತಮ್ಮದೇ ಊರಿನ ಆಚೆ ಬದಿಗೆ ದಾಟಲು ಹೊರಟ ಹಳ್ಳಿಗರೂ ಇದ್ದರು.

ಆಮೇಲೆ ಏನಾಯಿತು? ವೇಗ ಅಳೆಯುವ ರಾಡಾರ್ ಗನ್ ಹಿಡಿದು ಪೊಲೀಸರು ನಿಂತರು. ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಮೀರಿದವರಿಗೆ ದಂಡ ಬಿತ್ತು. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳು ಮುಖ್ಯ ಪಥಕ್ಕೆ ಬರಬಾರದೆಂದು ಪ್ರಾಧಿಕಾರ ನಿಷೇಧ ಹೇರಿತು. ಬಡವರ ವಾಹನಗಳಿಗೆ ಮಾತ್ರ ತಡೆಯೇ ಎಂಬ ಸಿಟ್ಟು ಆಗ ಬಹಳ ಜನರಲ್ಲಿತ್ತು, ಅದರಲ್ಲಿ ಅರ್ಥವೂ ಇತ್ತು. ಆದರೆ ನೂರರ ವೇಗದ ಕಾರಿನ ಪಕ್ಕದಲ್ಲಿ ನಲವತ್ತರ ವೇಗದ ಆಟೋ ಸಾಗಿದರೆ ಪೆಟ್ಟು ಬೀಳುವುದು ಆಟೋಗೇ. ನಂತರ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130ರ ವೇಗ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸ್ ಇಲಾಖೆ ಘೋಷಿಸಿತು. ಆ ವರ್ಷ ಅದೇ ರಸ್ತೆಯಲ್ಲಿ ಸಾವಿನ ಸಂಖ್ಯೆ ಸುಮಾರು 50ಕ್ಕೆ ಇಳಿಯಿತು.

ಈ ಎರಡು ಸಂಖ್ಯೆಗಳ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಅದೇ ರಸ್ತೆ, ಅದೇ ಜನ. ಅಲ್ಲಾಹನ ತೀರ್ಮಾನವನ್ನು ಒಂದು ಕ್ಯಾಮೆರಾ ಬದಲಿಸಿತೇ? ಖಂಡಿತ ಇಲ್ಲ. ಆಯುಷ್ಯವನ್ನು ಬರೆದವನೇ ಕಾರಣಗಳನ್ನೂ ಇಟ್ಟಿದ್ದಾನೆ. ಕಾಯಿಲೆಗೆ ಮದ್ದು ಇಟ್ಟಂತೆ ವೇಗಕ್ಕೆ ಮಿತಿ ಇಟ್ಟಿದ್ದಾನೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ)ರು, ಮೊದಲು ಕಟ್ಟು, ಅನಂತರ ಭರವಸೆಯಿಡು ಎಂದು ಕಲಿಸಿದ ಸಂಗತಿ ತಿರ್ಮಿದಿಯಲ್ಲಿದೆ. ಸೀಟ್ ಬೆಲ್ಟ್ ಎಳೆದುಕೊಳ್ಳುವುದು ನಮ್ಮ ಕಾಲದ ಆ ಹಗ್ಗ. ಸ್ವಂತ ಕೈಯಿಂದ ನಾಶಕ್ಕೆ ಬೀಳಬಾರದೆಂದು ಸೂರಾ ಅಲ್‌ಬಕರಾ ಎಚ್ಚರಿಸುತ್ತದೆ.

ಪ್ರಾಧಿಕಾರವನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ರಸ್ತೆ ಮೊದಲು ತೆರೆದುಕೊಂಡಿತು, ಕ್ಯಾಮೆರಾ ಆಮೇಲೆ ಬಂತು. ಆ ನಡುವಿನ ತಿಂಗಳುಗಳಲ್ಲಿ ಹೋದ ಜೀವಗಳಿಗೆ ಲೆಕ್ಕ ಕೊಡುವವರು ಯಾರು? ದೂರದ ಇರಾಕಿನ ದಾರಿಯಲ್ಲಿ ಒಂದು ಪ್ರಾಣಿ ಎಡವಿದರೂ, ಅದಕ್ಕೆ ದಾರಿ ಯಾಕೆ ಸಮ ಮಾಡಲಿಲ್ಲ ಎಂದು ಅಲ್ಲಾಹನು ತನ್ನನ್ನೇ ಕೇಳಿಯಾನು ಎಂದು ಖಲೀಫ ಉಮರ್(ರ) ಅಂಜುತ್ತಿದ್ದರೆಂಬ ವರದಿಯಿದೆ. ಅಧಿಕಾರದಲ್ಲಿರುವವರಿಗೆ ಆ ಅಂಜಿಕೆ ಬೇಕು. ನಮ್ಮ ಊರಿನ ಕತ್ತಲ ತಿರುವು, ಗುರುತಿಲ್ಲದ ಹಂಪ್, ಶಾಲೆಯೆದುರು ದಾಟಲು ಜಾಗವಿಲ್ಲದ ರಸ್ತೆ, ಇವುಗಳ ಬಗ್ಗೆ ಜಮಾಅತಿನ ಹೆಸರಿನಲ್ಲಿ ಅರ್ಜಿ ಬರೆಯುವುದೂ ದೀನಿನ ಕೆಲಸವೇ. ದಾರಿಯಿಂದ ತೊಂದರೆಯನ್ನು ನಿವಾರಿಸುವುದು ಈಮಾನಿನ ಶಾಖೆಯೆಂದು ನಾವು ಮದ್ರಸದಲ್ಲಿ ಕಲಿತಿದ್ದೇವೆ. ಅದು ಕಲ್ಲು, ಮುಳ್ಳಿಗೆ ಮಾತ್ರ ಸೀಮಿತವಲ್ಲ.

ಇನ್ನು ನಮ್ಮ ಮಾತು. ಇಡೀ ದೇಶದಲ್ಲಿ 2022ರಲ್ಲಿ 1,68,491 ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ಹೆಲ್ಮೆಟ್ ಧರಿಸದಿದ್ದವರೇ 50 ಸಾವಿರದಷ್ಟು. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಈಗ ಶುಕ್ರವಾರ ಹನ್ನೆರಡೂವರೆಗೆ ನಮ್ಮ ಮಸೀದಿಯ ರಸ್ತೆಯನ್ನು ನೋಡಿ. ಒಂದು ಸ್ಕೂಟರಿನಲ್ಲಿ ಮೂವರು, ತಲೆಯ ಮೇಲೆ ಟೋಪಿ ಮಾತ್ರ. ಜುಮಾ ತಪ್ಪೀತೆಂಬ ಅವಸರವಂತೆ. ಇಕಾಮತ್ ಕೇಳಿಸಿದರೂ ಓಡಬೇಡಿ, ಶಾಂತವಾಗಿ ನಡೆದು ಬನ್ನಿ, ಸಿಕ್ಕಿದ್ದನ್ನು ನಮಾಝ್ ಮಾಡಿ, ತಪ್ಪಿದ್ದನ್ನು ಪೂರ್ತಿಗೊಳಿಸಿ ಎಂಬುದು ಪ್ರವಾದಿ(ಸ)ರ ಬೋಧನೆ. ಕಾಲ್ನಡಿಗೆಗೇ ಈ ನಿಯಮವಿರುವಾಗ ಇಂಜಿನಿಗೆ ಇಲ್ಲವೇ? ಅರಫಾದಿಂದ ಮರಳುವಾಗ ಹಿಂದಿನಿಂದ ಒಂಟೆಗಳನ್ನು ಹೊಡೆದು ಅಟ್ಟುವ ಗದ್ದಲ ಕೇಳಿ ಪ್ರವಾದಿ(ಸ)ರು ಚಾಟಿಯಿಂದ ಸನ್ನೆ ಮಾಡಿ ಜನರನ್ನು ತಡೆದರು, ಧಾವಂತದಲ್ಲಿ ಪುಣ್ಯವಿಲ್ಲವೆಂದು ತಿಳಿಸಿದರು. ಇದು ಬುಖಾರಿಯಲ್ಲಿದೆ. ಹಜ್ಜಿನ ದಾರಿಯಲ್ಲೇ ಒಪ್ಪದ ಧಾವಂತ ಅದು. ಟೋಪಿ ಜೇಬಿನಲ್ಲಿರಲಿ, ಮಸೀದಿಯ ಬಾಗಿಲಲ್ಲಿ ಹಾಕಿಕೊಳ್ಳಬಹುದು.

ಸಿಗ್ನಲ್ ಸರಕಾರದ್ದು, ಅದಕ್ಕೂ ಶರೀಅತ್‌ಗೂ ಏನು ಸಂಬಂಧ ಎನ್ನುವವರಿದ್ದಾರೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಇದನ್ನೇ ಚರ್ಚಿಸಿ, ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಕಡ್ಡಾಯವೆಂದು ತೀರ್ಮಾನಿಸಿದೆ. ತಿಳಿಯದೆ ಒಬ್ಬರ ಪ್ರಾಣ ತೆಗೆದವನಿಗೂ ಸೂರಾ ಅನ್ನಿಸಾ ಪರಿಹಾರಧನವನ್ನು ವಿಧಿಸಿದೆ. ಗುಲಾಮನ ವಿಮೋಚನೆಗೆ ದಾರಿಯಿಲ್ಲದವನು ಎರಡು ತಿಂಗಳು ಸತತ ಉಪವಾಸವಿರಬೇಕು. ಇನ್ಶೂರೆನ್ಸ್ ಕಂಪೆನಿ ದುಡ್ಡು ಕಟ್ಟಬಹುದು. ಆ ಅರುವತ್ತು ಉಪವಾಸಗಳನ್ನು ಅದು ಹಿಡಿಯುವುದಿಲ್ಲ.

ತಂದೆಯಂದಿರಿಗೆ ಒಂದು ಮಾತು. ಹತ್ತನೇ ತರಗತಿ ಪಾಸಾದ ಖುಷಿಗೆ ಮಗನಿಗೆ ಬೈಕ್ ಕೊಡಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧವಾದರೆ ತಂದೆಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೇಸು, ಜೈಲು ಹಾಗಿರಲಿ, ಆ ಕೀ ನಾವು ಅವನ ಕೈಗಿಟ್ಟ ಅಮಾನತ್ತು. ಅದರ ವಿಚಾರಣೆ ನಮ್ಮದೇ. ಇಂದು ನಮಾಝ್ ಮುಗಿದ ಮೇಲೆ ಗೇಟಿನ ಬಳಿ ಹುಡುಗರು ಬೈಕ್ ಸ್ಟಾರ್ಟ್ ಮಾಡುವ ಮೊದಲು, ಲೈಸೆನ್ಸ್ ಇಲ್ಲದವನ ಕೈಯಿಂದ ಕೀಯನ್ನು ಪ್ರೀತಿಯಿಂದಲೇ ಕೇಳಿ ಪಡೆಯೋಣ. ಮನೆಯವರೆಗೆ ಅವನ ಜೊತೆ ನಡೆದೇ ಹೋಗೋಣ.

ರಸ್ತೆಯಲ್ಲಿ ತೀರಿಕೊಂಡವರಿಗೆ ಅಲ್ಲಾಹನು ಮಗ್ಫಿರತ್ ನೀಡಲಿ. ಆಸ್ಪತ್ರೆಯಲ್ಲಿರುವವರಿಗೆ ಶಿಫಾ ನೀಡಲಿ. ಆಮೀನ್.