ಅಜ್ಜಿಯ ಎಲಡಿಕೆ ಸಂಚಿಯಲ್ಲೊಂದು ಜಿಪಿಎಸ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ, ಮೆಟ್ರೋದಲ್ಲೋ, ರಾತ್ರಿ ಪಾತ್ರೆ ತೊಳೀತಾನೋ ಇದನ್ನ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಇವತ್ತು ನಮ್ಮನೆ ವಿಷಯವೇ ಹೇಳ್ತೀನಿ. ಡಿಮೆನ್ಶಿಯಾ ಇರೋ ನಮ್ಮಜ್ಜಿ, ಅವರಿಗೋಸ್ಕರ ನಾನು ಆನ್‌ಲೈನಲ್ಲಿ ತರಿಸಿದ ಒಂದಷ್ಟು ಸಾಮಾನು, ಅದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಅಟ್ಟ ಸೇರ್ತು ಅನ್ನೋ ಕಥೆ.

ಎರಡು ವರ್ಷದ ಹಿಂದೆ, ಮಳೆಗಾಲ. ನಾನು ಬೆಂಗಳೂರಲ್ಲಿ ಆಫೀಸಿನಲ್ಲಿದ್ದೆ. ಸಂಜೆ ಆರೂವರೆಗೆ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದ್ರು. "ಅಜ್ಜಿ ಮನೇಲಿಲ್ಲ ಕಣೇ." ಅಷ್ಟೇ ಹೇಳಿದ್ದು. ಅಕ್ಕಪಕ್ಕದವರು, ಮಾವ, ಅವರ ಸ್ನೇಹಿತರು ಎಲ್ಲ ಬೈಕ್ ತಗೊಂಡು ಹುಡುಕಿದ್ರು. ಎಂಟೂವರೆಗೆ ಸಿಕ್ಕಿದ್ರು, ಬಸ್ ಸ್ಟ್ಯಾಂಡಿನಲ್ಲಿ. ಪೂರ್ತಿ ನೆನೆದಿದ್ರು. ತೀರ್ಥಹಳ್ಳಿ ಬಸ್ಸಿಗೆ ಕಾಯ್ತಾ ಇದ್ರಂತೆ. ಒಬ್ಬ ಕಂಡಕ್ಟರ್ ಅನುಮಾನ ಬಂದು ಕೂರಿಸಿ ಟೀ ಕೊಡಿಸಿದ್ರು. ಅವರ ಹತ್ರ ಅಜ್ಜಿ ಹೇಳಿದ್ದು, "ಮಕ್ಕಳು ಶಾಲೆಯಿಂದ ಬರೋ ಹೊತ್ತಾಯ್ತು, ಮನೆಗೆ ಹೋಗ್ಬೇಕು" ಅಂತ. ಆ ಮಕ್ಕಳಲ್ಲಿ ದೊಡ್ಡವಳು ನಮ್ಮಮ್ಮ. ಅವರಿಗೀಗ 56.

ಅವತ್ತು ಅಜ್ಜಿ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕನ್ನಡಕ ಇರಲಿಲ್ಲ. ಆದ್ರೆ ಕೈಯಲ್ಲಿ ಎಲಡಿಕೆ ಸಂಚಿ ಮಾತ್ರ ಭದ್ರವಾಗಿತ್ತು. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

"ಅರವತ್ತಕ್ಕೆ ಅರಳು ಮರಳು" ಅಂತ ನಮ್ಮಲ್ಲಿ ಒಂದು ಮಾತಿದೆ. ಆ ಮಾತಿಂದಾನೇ ನಾವು ಒಂದು ವರ್ಷ ಕಳ್ಕೊಂಡ್ವಿ. ವಯಸ್ಸಾಯ್ತು, ಮರೀತಾರೆ ಅಂತ ಸುಮ್ನಿದ್ವಿ. ಕೀ ಎಲ್ಲಿಟ್ಟೆ ಅಂತ ಮರೆಯೋದು ಬೇರೆ, ಕೀ ಕೈಯಲ್ಲಿ ಹಿಡ್ಕೊಂಡು ಇದು ಏನಕ್ಕೆ ಅಂತ ಕೇಳೋದು ಬೇರೆ. ಡಿಮೆನ್ಶಿಯಾ ಅನ್ನೋದು ಮೆದುಳಿನ ಕಾಯಿಲೆಗಳಿಂದ ಬರೋ ತೊಂದರೆ. ಅದಕ್ಕೆ ಅತಿ ಸಾಮಾನ್ಯ ಕಾರಣ ಆಲ್ಝೈಮರ್ಸ್. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಇದು ಇರಬಹುದು ಅಂತ 2023ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತೆ. ಬಿ12 ಕಡಿಮೆಯಾದ್ರೆ, ಥೈರಾಯ್ಡ್ ತೊಂದರೆ ಇದ್ರೆ ಕೂಡ ಮರೆವು ಬರುತ್ತೆ, ಅವಕ್ಕೆ ಔಷಧಿ ಇದೆ. ಹಾಗಾಗಿ ಮೊದಲು ಡಾಕ್ಟರ್, ಆಮೇಲೆ ಶಾಪಿಂಗ್.

ನಾನು ಮಾಡಿದ್ದು ಉಲ್ಟಾ. ಬಸ್ ಸ್ಟ್ಯಾಂಡಿನ ಘಟನೆ ಆದ ರಾತ್ರೀನೇ ಕೂತು ಆರ್ಡರ್ ಹಾಕ್ದೆ. ಜಿಪಿಎಸ್ ವಾಚ್, ಸ್ಮಾರ್ಟ್ ಸ್ಪೀಕರ್, ಕ್ಯಾಮೆರಾ, ಇಂಡಕ್ಷನ್ ಒಲೆ. ದೂರದಲ್ಲಿರೋ ಮೊಮ್ಮಗಳ ಅಪರಾಧಿ ಭಾವ ಅಂತೀವಲ್ಲ, ಅದು ಕಾರ್ಡ್ ಉಜ್ಜಿದ್ರೆ ಸ್ವಲ್ಪ ಕಡಿಮೆ ಆಗುತ್ತೆ.

ವಾಚ್ ಹತ್ತು ನಿಮಿಷಾನೂ ಕೈಲಿ ನಿಲ್ಲಲಿಲ್ಲ. "ಇದೆಂತ ಬೇಡಿ" ಅಂತ ಬಿಚ್ಚಿ ಅಕ್ಕಿ ಡಬ್ಬಿಲಿ ಹಾಕಿದ್ರು. ಸ್ಮಾರ್ಟ್ ಸ್ಪೀಕರ್ ಬೆಳಿಗ್ಗೆ ಎಂಟಕ್ಕೆ ಮಾತ್ರೆ ತಗೊಳ್ಳಿ ಅಂತ ಹೇಳಿದಾಗ ಅಜ್ಜಿ ಹೆದರಿ, "ಒಳಗೆ ಯಾರೋ ಹೆಂಗಸು ಬಂದಿದಾಳೆ" ಅಂತ ಎಲ್ಲಾ ರೂಮಲ್ಲೂ ಹುಡುಕಿದ್ರು. ಇಂಡಕ್ಷನ್ ಒಲೆ ಮುಂದೆ ನಿಂತು, "ಬೆಂಕಿನೇ ಇಲ್ವಲ್ಲ ಮಾರಾಯ್ತಿ, ಇದು ಒಲೆ ಹೇಗಾಗತ್ತೆ?" ಅಂದ್ರು. ಸರಿಯಾಗೇ ಕೇಳಿದ್ರು. ಹೊಸದನ್ನ ಕಲಿಯೋ ಶಕ್ತಿ ಈ ಕಾಯಿಲೇಲಿ ಬೇಗ ಹೋಗುತ್ತೆ, ಹಳೇ ರೂಢಿ ತುಂಬಾ ದಿನ ಉಳಿಯುತ್ತೆ. ನಾನು ಹೋಗೋದನ್ನ ನಂಬ್ಕೊಂಡು ಸಾಮಾನು ತಂದಿದ್ದೆ.

ಆಮೇಲೆ ದಾರಿ ತೋರಿಸಿದ್ದು ಅದೇ ಎಲಡಿಕೆ ಸಂಚಿ. ಮನೆ ಬಿಡುವಾಗ ಅಜ್ಜಿ ಏನನ್ನ ಮರೆತ್ರೂ ಅದನ್ನ ಮರೆಯಲ್ಲ. ಸರಿ, ಟ್ರ್ಯಾಕರ್ ಅಲ್ಲೇ ಇಡೋಣ ಅಂತಾಯ್ತು. ಕದ್ದು ಇಡೋದಕ್ಕೆ ಅಮ್ಮ ಒಪ್ಪಲಿಲ್ಲ. ಅಜ್ಜಿ ಮನಸ್ಸು ತಿಳಿಯಾಗಿರೋದು ಬೆಳಿಗ್ಗೆ ಹೊತ್ತು. ಆಗ ಕೂತು ಹೇಳ್ದೆ: "ಅಜ್ಜಿ, ಇದು ನಿನ್ನ ಹತ್ರ ಇದ್ರೆ ನೀನೆಲ್ಲಿದ್ದೀಯ ಅಂತ ನಮಗೆ ಗೊತ್ತಾಗುತ್ತೆ. ಸಂಚೀಲಿ ಇಡ್ಲಾ?"

"ನಾನೇನು ಕಳ್ಳಿಯೇನೇ ಕೂಸೇ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಇಡು. ಸುಣ್ಣದ ಡಬ್ಬಿ ಹತ್ರ ಬೇಡ, ಹಾಳಾಗತ್ತೆ" ಅಂದ್ರು.

ಇಲ್ಲಿ ಒಂದು ತಾಂತ್ರಿಕ ವಿಷಯ. ಅಂಗಡೀಲಿ ಎರಡು ಥರ ಸಿಗುತ್ತೆ. ಕೀ ಚೈನ್ ಥರ ಇರೋ ಬ್ಲೂಟೂತ್ ಟ್ಯಾಗ್ ಅಗ್ಗ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ. ಆದ್ರೆ ಹತ್ತಿರದಲ್ಲಿ ಯಾರದ್ದಾದ್ರೂ ಫೋನ್ ಇದ್ರೆ ಮಾತ್ರ ಅದು ಎಲ್ಲಿದೆ ಅಂತ ತಿಳಿಯೋದು. ಜನ ಇಲ್ಲದ ತೋಟದ ದಾರೀಲಿ ಅದನ್ನ ನಂಬಕ್ಕಾಗಲ್ಲ. ಸಿಮ್ ಇರೋ ಜಿಪಿಎಸ್ ಟ್ರ್ಯಾಕರ್ ತಾನೇ ಜಾಗ ಕಂಡುಕೊಂಡು ಮೊಬೈಲ್ ನೆಟ್‌ವರ್ಕಿನ ಮೂಲಕ ನಮಗೆ ಕಳಿಸುತ್ತೆ. ಮ್ಯಾಪಿನಲ್ಲಿ ಮನೆ ಸುತ್ತ ಒಂದು ಗೆರೆ ಹಾಕಿಟ್ರೆ, ಅದು ದಾಟಿದ ಕೂಡ್ಲೇ ಫೋನಿಗೆ ಮೆಸೇಜ್ ಬರುತ್ತೆ. ಆದ್ರೆ ಅದಕ್ಕೆ ಚಾರ್ಜ್ ಹಾಕ್ಬೇಕು, ಸಿಮ್ ರೀಚಾರ್ಜ್ ಮಾಡಿಸ್ಬೇಕು. ಒಂದ್ಸಲ ನಾನೇ ರೀಚಾರ್ಜ್ ಮರೆತೆ. ಮರೆವಿನ ಕಾಯಿಲೆ ಇರೋದು ಅಜ್ಜಿಗೆ, ಮರೆತಿದ್ದು ನಾನು. ಪುಣ್ಯಕ್ಕೆ ಅಜ್ಜಿ ಅವತ್ತು ಎದುರುಮನೆ ಜಗಲೀಲಿ ಕೂತಿದ್ರು. ಅವತ್ತಿಂದ ಅಮ್ಮ ದೇವರಿಗೆ ದೀಪ ಹಚ್ಚುವಾಗಲೇ ಟ್ರ್ಯಾಕರನ್ನೂ ಚಾರ್ಜಿಗೆ ಹಾಕ್ತಾರೆ. ರೀಚಾರ್ಜಿಗೆ ನನ್ನ ಫೋನಲ್ಲಿ ಅಲಾರಂ ಇದೆ.

ರಾತ್ರಿ ಕಷ್ಟ ಬೇರೆ ಥರದ್ದು. ಅಜ್ಜಿ ಎರಡು ಗಂಟೆಗೆ ಎದ್ದು ಬಾಗಿಲು ತೆಗೀತಿದ್ರು. ಒಂದ್ಸಲ ಊರಿಗೆ ಹೋದಾಗ ನೋಡ್ತೀನಿ, ಅಮ್ಮ ತನ್ನ ಸೆರಗಿನ ತುದೀನ ಅಜ್ಜಿ ಸೆರಗಿಗೆ ಗಂಟು ಹಾಕ್ಕೊಂಡು ಮಲಗಿದಾರೆ. ಎಷ್ಟು ದಿನದಿಂದ ಹೀಗೆ ಅಂತ ಕೇಳ್ದೆ. "ನಾಲ್ಕು ತಿಂಗಳಾಯ್ತೇನೋ" ಅಂದ್ರು. ನನಗೆ ದಿನಾ ಫೋನಲ್ಲಿ "ಎಲ್ಲಾ ಆರಾಮು" ಅಂತಿದ್ದೋರು.

ಹೊರಗಿಂದ ಬೀಗ ಹಾಕೋದು ಸುಲಭ. ಆದ್ರೆ ಬೆಂಕಿ ಬಿದ್ರೆ, ಏನಾದ್ರೂ ಆದ್ರೆ? ಅದಕ್ಕೆ ಬಾಗಿಲಿಗೆ ಒಂದು ಮ್ಯಾಗ್ನೆಟ್ ಸೆನ್ಸರ್ ಅಂಟಿಸಿದ್ವಿ. ಕೆಲವೇ ನೂರು ರೂಪಾಯಿ. ಬಾಗಿಲು ತೆಗೆದ್ರೆ ಅಮ್ಮನ ತಲೆದಿಂಬಿನ ಹತ್ರ ಟಿಂಗ್ ಅನ್ನುತ್ತೆ. ನಮ್ಮನೇಗೆ ತಂದ ಎಲ್ಲಾ ಸಾಮಾನಿನಲ್ಲಿ ಅತಿ ದೊಡ್ಡ ಕೆಲಸ ಮಾಡಿದ್ದು ಅದೇ. ಯಾಕಂದ್ರೆ ಅಮ್ಮ ನಿದ್ದೆ ಮಾಡಿದ್ರು.

ಕಾಫಿಗೆ ಹಳೇ ಗ್ಯಾಸ್ ಒಲೇನೇ ಇಟ್ಕೊಂಡು, ನಿಗದಿ ಮಾಡಿದಷ್ಟು ಹೊತ್ತಾದ್ಮೇಲೆ ಗ್ಯಾಸ್ ನಿಲ್ಲಿಸೋ ಟೈಮರ್ ಹಾಕಿಸಿದ್ವಿ. ಹಾಲಿನಲ್ಲಿ ನನ್ನ ಹಳೇ ಫೋನನ್ನ ಗೋಡೆಗೆ ನಿಲ್ಲಿಸಿ, ದೊಡ್ಡ ಅಕ್ಷರದಲ್ಲಿ "ಇವತ್ತು ಸೋಮವಾರ. ಈಗ ಸಂಜೆ" ಅಂತ ಕನ್ನಡದಲ್ಲಿ ಬರೋ ಹಾಗೆ ಮಾಡ್ದೆ. 17:30 ಅಂತ ಬಂದ್ರೆ ಅಜ್ಜಿಗೆ ಅರ್ಥ ಆಗಲ್ಲ, "ಸಂಜೆ" ಅಂದ್ರೆ ಆಗುತ್ತೆ.

ಕ್ಯಾಮೆರಾ ಮಾತ್ರ ತೆಗೆದುಬಿಟ್ಟೆ. ಒಂದಿನ ಆಫೀಸಿಂದ ನೋಡ್ತೀನಿ, ಅಜ್ಜಿ ಹಾಲಿನಲ್ಲೇ ಸೀರೆ ಬದಲಾಯಿಸ್ತಾ ಇದ್ರು. ಪಕ್ಕದಲ್ಲಿ ನನ್ನ ಸಹೋದ್ಯೋಗಿ ಕೂತಿದ್ರು. ಫೋನ್ ಮಗುಚಿ ಹಾಕ್ದೆ. ಜೀವಮಾನವಿಡೀ ಬಾಗಿಲು ಹಾಕ್ಕೊಂಡು ಸೀರೆ ಉಟ್ಟ ಹೆಂಗಸು ಅವರು. ಆ ನಾಚಿಕೆ ಅವರಿಗೆ ಮರೆತಿರಬಹುದು, ನಾವು ನೆನಪಿಟ್ಕೋಬೇಕಲ್ವಾ?

ಇನ್ನೊಂದು ತಪ್ಪು ಹೇಳ್ತೀನಿ, ಇದನ್ನ ಹೇಳೋದು ಕಷ್ಟ. ಅಜ್ಜ ತೀರಿಕೊಂಡು ಆರು ವರ್ಷ. ಅವರ ಒಂದು ವಾಯ್ಸ್ ಮೆಸೇಜ್ ನನ್ನ ಹತ್ರ ಇತ್ತು. ಅಜ್ಜಿಗೆ ಖುಷಿ ಆಗ್ಲಿ ಅಂತ ಹಾಕ್ದೆ. ಮುಖ ಅರಳಿತು. ಎದ್ದು, ತಲೆ ಸರಿ ಮಾಡ್ಕೊಂಡು, ಗೇಟ್ ಹತ್ರ ಹೋಗಿ ನಿಂತ್ರು. ಕತ್ತಲಾದ್ರೂ ಒಳಗೆ ಬರಲಿಲ್ಲ. "ದನಿ ಕೇಳ್ತಲ್ಲೇ, ಬಂದೇ ಬರ್ತಾರೆ." ಈಗ ಕೃತಕ ಬುದ್ಧಿಮತ್ತೆಯಿಂದ ತೀರಿಕೊಂಡವರ ದನೀಲಿ ಏನು ಬೇಕಾದ್ರೂ ಮಾತಾಡಿಸಬಹುದು. ಯಾರಾದ್ರೂ ಅಂಥದ್ದು ಮಾಡೋಣ ಅಂದಾಗ ನನಗೆ ಆ ಗೇಟ್ ನೆನಪಾಗುತ್ತೆ. ಆಮೇಲೆ ಹಳೇ ಭಾವಗೀತೆ, ದೇವರನಾಮ ಹಾಕ್ತಿದ್ವಿ. ಅದರಿಂದ ಸಂಜೆ ಹೊತ್ತಿನ ಚಡಪಡಿಕೆ ಎಷ್ಟೋ ಕಡಿಮೆ ಆಯ್ತು.

ನಿಮ್ಮನೇಲೂ ಇಂಥವರಿದ್ರೆ, ಏನಾದ್ರೂ ಕೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದು ಅವರ ಹಳೇ ರೂಢಿಗೆ ಹೊಂದುತ್ತಾ? ಅವರಿಗೆ ಹೇಳಿದೀವಾ, ಒಪ್ಪಿದಾರಾ? ಇದರ ಚಾರ್ಜು, ರೀಚಾರ್ಜು, ಮೆಸೇಜು ನೋಡ್ಕೊಳ್ಳೋರು ಯಾರು? ಮೂರನೇದಕ್ಕೆ "ಅಮ್ಮ ನೋಡ್ಕೊಳ್ತಾರೆ" ಅನ್ನೋದು ನಿಮ್ಮ ಉತ್ತರ ಆದ್ರೆ, ಇನ್ನೊಂದ್ಸಲ ಯೋಚನೆ ಮಾಡಿ.

ಎರಡು ನಂಬರ್ ಬರ್ಕೊಳ್ಳಿ. ಹಿರಿಯ ನಾಗರಿಕರ ಸಹಾಯವಾಣಿ ಎಲ್ಡರ್‌ಲೈನ್, 14567. ನೋಡ್ಕೊಳ್ಳೋರಿಗೇ ಮನಸ್ಸು ಕುಸಿದ್ರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಬೇಕಾಗಿಲ್ಲ.

ಟ್ರ್ಯಾಕರ್ ಬಂದ ಮೇಲೆ ಸುಮಾರು ಒಂದೂವರೆ ವರ್ಷ ಅಜ್ಜಿ ದಿನಾ ಸಂಜೆ ಒಬ್ಬರೇ ಬೀದಿ ಕೊನೆಯ ಗಣಪತಿ ಗುಡಿವರೆಗೆ ಹೋಗಿ ಬರ್ತಿದ್ರು. ಅಮ್ಮ ಗೇಟಲ್ಲಿ, ನಾನು ಬೆಂಗಳೂರಲ್ಲಿ ಮ್ಯಾಪಿನ ಚುಕ್ಕೆ ನೋಡ್ತಾ. ಕೋಣೇಲಿ ಕೂಡಿಹಾಕಿದ್ರೆ ಆ ಒಂದೂವರೆ ವರ್ಷದ ನಡಿಗೆ ಅವರಿಗೆ ಸಿಗ್ತಿರಲಿಲ್ಲ. ಈಗ ಅಜ್ಜಿಗೆ ಅಷ್ಟು ದೂರ ನಡೆಯಕ್ಕಾಗಲ್ಲ. ಹೋದ ತಿಂಗಳು ಊರಿಗೆ ಹೋದಾಗ ಸಂಚಿಯಿಂದ ಟ್ರ್ಯಾಕರ್ ತೆಗೆದೆ. ಅಜ್ಜಿ ನೋಡ್ತಾ ಇದ್ರು. ನಾನ್ಯಾರು ಅಂತ ಗೊತ್ತಾಗಿತ್ತೋ ಇಲ್ವೋ. "ಒಂದು ಎಲೆ ಹಾಕ್ತೀಯಾ?" ಅಂತ ಕೇಳಿದ್ರು. ಹಾಕ್ಕೊಂಡೆ.

ಇವತ್ತಿಗೆ ಇಷ್ಟು. ನಿಮ್ಮನೇಲಿ ಹಿರಿಯರಿದ್ರೆ ಇವತ್ತೊಂದು ಫೋನ್ ಮಾಡಿ. ಅವರನ್ನ ನೋಡ್ಕೊಳ್ತಾ ಇರೋರ ಹತ್ರಾನೂ ಮಾತಾಡಿ, "ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.