ಏರಿಳಿತದ ಮನಸ್ಸು, ಸುತ್ತಲಿನ ಜನ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



‘ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ನಾವದನ್ನು ತಮಾಷೆಗೆ ಹೇಳುತ್ತೇವೆ. ಆದರೆ ಮನೋರೋಗ ಇರುವ ಮನೆಯಲ್ಲಿ ಅದು ತಮಾಷೆಯಾಗಿ ಉಳಿಯುವುದಿಲ್ಲ. ‘ಒಂದು ಮದುವೆ ಮಾಡಿ, ಸರಿ ಹೋಗ್ತಾನೆ’ ಎನ್ನುತ್ತಾರೆ ಬಂಧುಗಳು. ಹೆಣ್ಣಿನ ಕಡೆಯವರಿಗೆ ತಿಳಿಯದಿರಲೆಂದು ಮಾತ್ರೆಗಳನ್ನು ಬಚ್ಚಿಡುತ್ತಾರೆ, ಕಡೆಗೆ ನಿಲ್ಲಿಸಿಯೇ ಬಿಡುತ್ತಾರೆ. ಕಾಯಿಲೆ ಮರುಕಳಿಸಲು ಅಷ್ಟು ಸಾಕು.

ನಾನು ಹೇಳಹೊರಟಿರುವುದು ಬೈಪೋಲಾರ್ ಕಾಯಿಲೆಯ ವಿಚಾರ. ಇದರಲ್ಲಿ ಮನಸ್ಸು ಎರಡು ತುದಿಗಳಿಗೆ ಹೋಗುತ್ತದೆ. ಒಂದು ಉನ್ಮಾದ. ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಖರ್ಚಿಗೆ ಲೆಕ್ಕವಿಲ್ಲ. ಇನ್ನೊಂದು ಖಿನ್ನತೆ. ಹಾಸಿಗೆ ಬಿಟ್ಟೇಳುವುದೂ ಕಷ್ಟ, ಕೆಲವೊಮ್ಮೆ ಸಾವಿನದೇ ಯೋಚನೆ. ಬೆಳಗ್ಗೆ ನಗು, ಸಂಜೆ ಸಿಟ್ಟು ಎಂಬಂಥದಲ್ಲ ಇದು. ಒಂದೊಂದು ಸ್ಥಿತಿಯೂ ವಾರಗಟ್ಟಲೆ, ತಿಂಗಳುಗಟ್ಟಲೆ ಇರಬಹುದು. ನಡುವಿನ ಕಾಲದಲ್ಲಿ ಅನೇಕರು ಎಲ್ಲರಂತೆಯೇ ದುಡಿದು ಸಂಸಾರ ನಡೆಸುತ್ತಾರೆ.

ಸುತ್ತಲಿನವರು ಏನು ಮಾಡುತ್ತಾರೆ? ಉನ್ಮಾದದ ಆರಂಭದಲ್ಲಿ ‘ಎಷ್ಟು ಚುರುಕು!’ ಎಂದು ಹೊಗಳುತ್ತಾರೆ. ಮಿತಿ ಮೀರಿದಾಗ ದೆವ್ವ ಮೆಟ್ಟಿದೆ ಎನ್ನುತ್ತಾರೆ. ಖಿನ್ನತೆಯಲ್ಲಿ ಅದೇ ಮನುಷ್ಯ ‘ಸೋಮಾರಿ’. ವಾಸಿಯಾದ ಮೇಲೂ ಬಿಡುಗಡೆಯಿಲ್ಲ. ಸ್ವಲ್ಪ ಜೋರಾಗಿ ನಕ್ಕರೆ ಸಾಕು, ‘ಮಾತ್ರೆ ತಗೊಂಡ್ಯಾ?’ ಎಂಬ ಪ್ರಶ್ನೆ. ಅವರ ನ್ಯಾಯವಾದ ಕೋಪವೂ ರೋಗದ ಲೆಕ್ಕಕ್ಕೇ ಹೋಗುತ್ತದೆ.

ಇವೆರಡನ್ನೂ ಒಂದೇ ಕಾಯಿಲೆಯಾಗಿ 1899ರಲ್ಲಿ ವರ್ಗೀಕರಿಸಿದವರು ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್. ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಲವಣ ಉನ್ಮಾದವನ್ನು ತಗ್ಗಿಸುತ್ತದೆಂದು 1949ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಮುಖ್ಯ ಮದ್ದು. ಆಗಾಗ ರಕ್ತಪರೀಕ್ಷೆ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ಜೇಮಿಸನ್ ಅವರಿಗೇ ಈ ಕಾಯಿಲೆಯಿದೆ. ಎಲ್ಲ ತಿಳಿದೂ ತಾವು ಲಿಥಿಯಂ ಬಿಟ್ಟು ಪಟ್ಟ ಪಾಡನ್ನು 1995ರ ಆತ್ಮಕಥೆಯಲ್ಲಿ ಅವರು ಬರೆದಿದ್ದಾರೆ.

ನಮ್ಮಲ್ಲಿ ಸರಪಳಿಯೂ ಇತ್ತು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿತು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನೂ ಕೊಟ್ಟಿತು.

ಮನೆಯವರೂ ಇದೇ ದಾರಿ ಹಿಡಿಯಬಹುದು. ಆರೋಗ್ಯ ಚೆನ್ನಾಗಿರುವಾಗಲೇ ಕೂತು ಮಾತಾಡಿ: ನಿದ್ದೆ ಕಡಿಮೆಯಾದರೆ ಯಾರು ಹೇಳಬೇಕು, ಯಾವ ವೈದ್ಯರಲ್ಲಿಗೆ ಹೋಗಬೇಕು, ಹಣ ಯಾರ ಕೈಯಲ್ಲಿರಬೇಕು? ಸಾವಿನ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ, ಒಬ್ಬರನ್ನೇ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಜ್ವರದಿಂದ ಆಸ್ಪತ್ರೆ ಸೇರಿದವರನ್ನು ಹಣ್ಣು, ಎಳನೀರು ಹಿಡಿದು ನೋಡಿ ಬರುತ್ತೇವೆ. ಮನೋರೋಗದಿಂದ ಸೇರಿದವರ ಬಳಿಗೆ ನಾವು ಹೋಗುವುದು ಅಪರೂಪ. ಇನ್ನು ಮುಂದೆ ಹೋಗೋಣ.