ಅಕ್ಷರ ಬಂದ ಮೇಲೆ ಯಾವ ಪುಸ್ತಕ?



ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನಾನೂ ನನ್ನ ಅಕ್ಕನ ಮಗನೂ ಬಸ್ಸಿಗಾಗಿ ಕಾದು ಕುಳಿತಿದ್ದೆವು. ಅವನಿಗೆ ಆಗ ಎಂಟು ವರ್ಷ, ಮೂರನೆಯ ತರಗತಿ. ಬಂದು ನಿಲ್ಲುವ ಒಂದೊಂದು ಬಸ್ಸಿನ ಹಲಗೆಯನ್ನೂ ಅವನು ಗಟ್ಟಿಯಾಗಿ ಓದುತ್ತ, ಓದಿದ್ದು ಸರಿಯೇ ಎಂದು ನನ್ನ ಮುಖ ನೋಡುತ್ತಿದ್ದ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ. ಹಿಂದಕ್ಕೆ ಬರುವ ಬಸ್ಸಿನ ಮೇಲೆ ಶಿಡ್ಲಘಟ್ಟ. ಈ ನಾಲ್ಕು ಹೆಸರುಗಳು ಸಾಮಾನ್ಯವಾದುವಲ್ಲ. ಚಿಂತಾಮಣಿಯಲ್ಲಿ ಸೊನ್ನೆ ಇದೆ, ಗೌರಿಬಿದನೂರಿನಲ್ಲಿ ಔಕಾರವಿದೆ, ಚಿಕ್ಕಬಳ್ಳಾಪುರದಲ್ಲಿ ಎರಡು ಸಜಾತೀಯ ಒತ್ತುಗಳಿವೆ. ಶಿಡ್ಲಘಟ್ಟದಲ್ಲಂತೂ ವಿಜಾತೀಯ ಒತ್ತು, ಮಹಾಪ್ರಾಣ, ಸಜಾತೀಯ ಒತ್ತು ಮೂರೂ ಸಾಲಾಗಿ ನಿಂತಿವೆ. ಇವನ್ನು ತಡೆಯಿಲ್ಲದೆ ಓದಬಲ್ಲ ಹುಡುಗನಿಗೆ ಕನ್ನಡದ ಅಕ್ಷರಗಳ ತೊಡಕು ಬಹುಮಟ್ಟಿಗೆ ತೀರಿತೆಂದೇ ಹೇಳಬೇಕು.

ಆದರೆ ಅದೇ ಹುಡುಗ, ಆ ಸಂಜೆ ಮನೆಯಲ್ಲಿ ನಾನು ಕೈಗಿತ್ತ ಪುಸ್ತಕವನ್ನು ಎರಡನೆಯ ಪುಟದಲ್ಲಿಯೇ ಮುಚ್ಚಿಟ್ಟ. ಏಕೆಂದು ಕೇಳಿದರೆ, "ಓದೋಕೆ ಬರುತ್ತೆ ಮಾವ, ಆದರೆ ಮುಗಿಯೋದಿಲ್ಲ" ಎಂದ.

ಇಂದಿನ ನನ್ನ ಭಾಷಣಕ್ಕೆ ಆ ಮಾತೇ ಮೂಲ. ಅಕ್ಷರ ಬರುವುದಕ್ಕೂ ಪುಸ್ತಕ ಮುಗಿಯುವುದಕ್ಕೂ ನಡುವೆ ಒಂದು ಕಂದಕವಿದೆ. ಆರರಿಂದ ಒಂಬತ್ತು ವರ್ಷದೊಳಗಿನ ಎಷ್ಟೋ ಮಕ್ಕಳು ಅದರ ಅಂಚಿಗೆ ಬಂದು ನಿಂತುಬಿಡುತ್ತಾರೆ. ಅವರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬಹುದು. ದೊಡ್ಡವರಾದ ಮೇಲೆ ಅರ್ಜಿ ಬರೆಯಬಹುದು, ರಸೀದಿ ಓದಬಹುದು. ಆದರೆ ತಮ್ಮ ಸಂತೋಷಕ್ಕಾಗಿ ಒಂದು ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮನುಷ್ಯರಾಗುವುದಿಲ್ಲ. ನನ್ನ ಕಾಲೇಜಿನ ತರಗತಿಗಳಲ್ಲಿ ಇಂಥ ಯುವಕರನ್ನು ವರ್ಷ ವರ್ಷವೂ ನೋಡುತ್ತಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆಯಿಲ್ಲ. ಎಂಟನೆಯ ವಯಸ್ಸಿನಲ್ಲಿ ಸರಿಯಾದ ಪುಸ್ತಕ ಕೈಗೆ ಬರಲಿಲ್ಲ, ಅಷ್ಟೇ.

ಆ ಸಂಜೆ ನಾನು ಕೊಟ್ಟ ಪುಸ್ತಕ ಯಾವುದು? ಮಹಾಪುರುಷರ ಚರಿತ್ರೆಗಳ ಇಪ್ಪತ್ತು ಪುಸ್ತಕಗಳ ಒಂದು ಮಾಲೆಯನ್ನು ನಾನು ಒಟ್ಟಿಗೆ ಕೊಂಡು ಹೊತ್ತುಕೊಂಡು ಹೋಗಿದ್ದೆ. ಅವು ಒಳ್ಳೆಯ ಪುಸ್ತಕಗಳೇ; ಹನ್ನೆರಡು ವರ್ಷದ ಹುಡುಗನಿಗೆ ಹೇಳಿ ಮಾಡಿಸಿದಂಥವು. ತಪ್ಪು ನನ್ನದು. ಮುಂದಿನ ಸಾರಿ ಹೋದಾಗ ಅವುಗಳಲ್ಲಿ ನಾಲ್ಕು, ಹುಳುಮನೆಯ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಆನಿಕೆಯಾಗಿ ನಿಂತಿದ್ದುವು. ನನ್ನ ಅಕ್ಕನ ಮನೆಯವರು ರೇಷ್ಮೆ ಹುಳು ಸಾಕುವವರು. ನನ್ನ ಮುಖಭಾವವನ್ನು ಕಂಡ ಭಾವನವರು ನಕ್ಕು, "ಚಾಕಿ ಹುಳುವಿಗೆ ಕೊಂಬೆ ಹಾಕಿದರೆ ತಿನ್ನುತ್ತದೆಯೇ?" ಎಂದರು.

ನಗರದ ಶ್ರೋತೃಗಳಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಮೊಟ್ಟೆಯಿಂದ ಹೊರಬಂದ ಎಳೆಯ ಹುಳುವಿಗೆ ಚಾಕಿ ಹುಳು ಎಂದು ಹೆಸರು. ಅದಕ್ಕೆ ಹಿಪ್ಪುನೇರಳೆಯ ಕುಡಿಯ ಎಲೆಯನ್ನೇ ಆರಿಸಿ, ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಅದನ್ನು ರೈತರು ಜ್ವರ ಎನ್ನುತ್ತಾರೆ. ಎರಡು ಜ್ವರ ದಾಟುವವರೆಗೆ ಚಾಕಿಯ ಉಪಚಾರ. ನಾಲ್ಕನೆಯ ಜ್ವರ ಕಳೆದ ಮೇಲೆ ಇಡೀ ಎಲೆಯನ್ನಾಗಲಿ ಕೊಂಬೆಯನ್ನಾಗಲಿ ಹಾಕಿದರೂ ಅದು ರಾತ್ರಿ ಹಗಲೆನ್ನದೆ ಮೇಯುತ್ತದೆ. ಎಲ್ಲವೂ ಅದೇ ಗಿಡದ ಎಲೆಯೇ. ಎಳೆತು ಬಲಿತು ಎಂಬುದಷ್ಟೇ ಭೇದ. ಚಾಕಿಯಲ್ಲಿ ಕೆಟ್ಟ ಹುಳುವನ್ನು ಮುಂದೆ ಎಷ್ಟು ಸೊಪ್ಪು ಹಾಕಿದರೂ ಸರಿಪಡಿಸಲಾಗದೆಂಬುದು ಆ ಕಡೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಮಕ್ಕಳ ಓದಿನ ವಿಷಯದಲ್ಲಿ ಈ ತಿಳಿವಳಿಕೆ ನಮ್ಮಂಥ ಪದವೀಧರರಿಗೆ ಬಂದಿಲ್ಲ.

ಹಾಗಾದರೆ ಈ ವಯಸ್ಸಿನ ಎಳೆಯ ಎಲೆ ಯಾವುದು? ಚಿಕ್ಕ ಚಿಕ್ಕ ಅಧ್ಯಾಯಗಳಾಗಿ ಒಡೆದ, ಒಂದೇ ಬಗೆಯ ಕಥೆಗಳು ಒಂದಾದ ಮೇಲೊಂದು ಬರುವ ಪುಸ್ತಕಮಾಲೆ. ಅಮೆರಿಕದಲ್ಲಿ ೧೯೫೭ನೆಯ ವರ್ಷ ಈ ಬಗೆಯ ಪುಸ್ತಕಗಳಿಗೆ ಒಂದು ತಿರುವು. ಆ ವರ್ಷ ಎಲ್ಸ್ ಮಿನಾರಿಕ್ ಎಂಬಾಕೆ ಬರೆದ 'ಲಿಟ್ಲ್ ಬೇರ್' ಎಂಬ ಕರಡಿಮರಿಯ ಪುಸ್ತಕ ಹೊರಬಂದಿತು. ಅದೇ ವರ್ಷ ಡಾ. ಸ್ಯೂಸ್ ಎಂಬ ಹೆಸರಿನ ಲೇಖಕರು ಕೇವಲ ೨೩೬ ಬೇರೆ ಬೇರೆ ಪದಗಳನ್ನು ಬಳಸಿ ಒಂದು ಬೆಕ್ಕಿನ ಕಥೆಯನ್ನು ಬರೆದರು. ೧೯೭೦ರಿಂದ ೧೯೭೯ರವರೆಗೆ ಆರ್ನಲ್ಡ್ ಲೋಬೆಲ್ ಒಂದು ಕಪ್ಪೆ, ಒಂದು ನೆಲಗಪ್ಪೆ ಇವುಗಳ ಸ್ನೇಹವನ್ನು ಕುರಿತು ನಾಲ್ಕು ಪುಸ್ತಕಗಳನ್ನು ರಚಿಸಿದರು. ಪ್ರತಿಯೊಂದರಲ್ಲಿಯೂ ಐದೈದು ಪುಟ್ಟ ಕಥೆಗಳು. ಮೊದಲನೆಯದನ್ನು ಓದಿದ ಮಗುವಿಗೆ ಎರಡನೆಯದರಲ್ಲಿ ಹಳೆಯ ಗೆಳೆಯರೇ ಸಿಕ್ಕುತ್ತಾರೆ. ಅವರ ಹೆಸರು, ಸ್ವಭಾವ, ಮಾತಿನ ವರಸೆ ಎಲ್ಲವೂ ಆಗಲೇ ಗೊತ್ತಿರುವುದರಿಂದ ಅರ್ಧ ಭಾರ ಕಳೆದಿರುತ್ತದೆ. ಉಳಿದ ಶಕ್ತಿಯನ್ನೆಲ್ಲ ಅದು ಓದಿಗೆ ಕೊಡಬಹುದು. ಮಾಲೆಯ ಗುಣವೆಲ್ಲ ಇಷ್ಟರಲ್ಲಿದೆ.

ಆದರೆ ಇಂಗ್ಲಿಷಿನ ಅಳತೆಗೋಲನ್ನು ಹಾಗೆಯೇ ತಂದು ಕನ್ನಡಕ್ಕೆ ಹಿಡಿದರೆ ಕೆಲಸವಾಗದು. ಅಲ್ಲಿ ಪದಗಳನ್ನು ಎಣಿಸಿ ಪುಸ್ತಕ ಸುಲಭವೋ ಕಷ್ಟವೋ ಎಂದು ಹೇಳಬಹುದು. ನಮ್ಮಲ್ಲಿ 'ಮನೆಯಲ್ಲಿದ್ದವರೆಲ್ಲರೂ' ಎಂಬುದು ಎಣಿಕೆಗೆ ಒಂದೇ ಪದ. ಆದರೆ ಮನೆ, ಅಲ್ಲಿ, ಇದ್ದವರು, ಎಲ್ಲರೂ ಎಂಬ ನಾಲ್ಕು ಮಾತುಗಳು ಅದರಲ್ಲಿ ಹೆಣೆದುಕೊಂಡಿವೆ, ಮೂರು ಒತ್ತಕ್ಷರಗಳೂ ಇವೆ. ಎಂಟು ವರ್ಷದ ಕಣ್ಣು ಅದರ ಕೊನೆಗೆ ಹೋಗಿ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಆದ್ದರಿಂದ ಪುಸ್ತಕವನ್ನು ಕೊಳ್ಳುವಾಗ ಹೊದಿಕೆಯ ಮೇಲಿನ ಹೊಗಳಿಕೆಯನ್ನು ಬಿಟ್ಟು ನಡುವಿನ ಒಂದು ಪುಟವನ್ನು ತೆರೆಯಿರಿ. ಇಂಥ ಉದ್ದದ ಸಂಧಿಪದಗಳು ಸಾಲುಸಾಲಿಗೂ ಇದ್ದರೆ, ಎಷ್ಟು ಸೊಗಸಾದ ಚಿತ್ರಗಳಿದ್ದರೂ ಅದು ಬಲಿತ ಎಲೆ. ಎರಡು ವರ್ಷ ತಡೆದು ಕೊಡಬಹುದು.

ಇನ್ನೊಂದು ಪರೀಕ್ಷೆಯನ್ನು ಮಗುವಿನಿಂದಲೇ ಮಾಡಿಸಬಹುದು. ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ತಡೆದ ಪ್ರತಿಯೊಂದು ಪದಕ್ಕೂ ಒಂದು ಬೆರಳನ್ನು ಮಡಿಸಲಿ. ಪುಟ ಮುಗಿಯುವ ಮೊದಲೇ ಐದು ಬೆರಳೂ ಮಡಿಸಿದರೆ ಪುಸ್ತಕ ಕಷ್ಟ. ಒಂದೂ ಮಡಿಸದಿದ್ದರೆ ಸುಲಭ. ಸುಲಭವಾಯಿತೆಂದು ತೆಗೆದಿಡಬೇಡಿರಿ. ಸುಲಭವಾದುದನ್ನು ಹತ್ತು ಸಲ ಓದಿದ ಮಗುವೇ ಮುಂದೆ ಓಟದ ಓದನ್ನು ಕಲಿಯುತ್ತದೆ. ಒಂದು ಅಧ್ಯಾಯ ಸಂಜೆಯ ದೀಪಕ್ಕೂ ರಾತ್ರಿಯ ಊಟಕ್ಕೂ ನಡುವೆ ಮುಗಿಯುವಂತಿರಲಿ. ಅಕ್ಷರ ದಪ್ಪವಾಗಿರಲಿ, ಸಾಲಿಗೂ ಸಾಲಿಗೂ ನಡುವೆ ಒತ್ತುಗಳು ಉಸಿರಾಡುವಷ್ಟು ಎಡೆಯಿರಲಿ. ಅಧ್ಯಾಯದ ಕೊನೆಗೆ ನೀತಿಯನ್ನು ಅಂಟಿಸಿದ ಪುಸ್ತಕಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ನೀತಿ ಕೇಳಿದ ಮಗು ಸುಮ್ಮನಾಗುತ್ತದೆ, ಕಥೆ ಕೇಳಿದ ಮಗು ಆಮೇಲೇನಾಯಿತೆಂದು ಕೇಳುತ್ತದೆ.

ಕನ್ನಡದಲ್ಲಿ ಇಂಥವು ಇವೆಯೇ ಎಂದು ನೀವು ಕೇಳಬಹುದು. ಇವೆ; ಆದರೆ ಆರಿಸಿ ತೆಗೆಯಬೇಕು. ಪಂಜೆ ಮಂಗೇಶರಾಯರ 'ಹೇನು ಸತ್ತು ಕಾಗೆ ಬಡವಾಯಿತು' ಎಂಬ ಕಥೆಯಲ್ಲಿ ಒಂದೇ ಮಾತು ಬೆಳೆಯುತ್ತ, ಮತ್ತೆ ಮತ್ತೆ ಬರುತ್ತ ಹೋಗುತ್ತದೆ. ಕಲಿಯುವ ನಾಲಗೆಗೆ ಅದಕ್ಕಿಂತ ಹಿತವಾದ ಊರುಗೋಲು ಬೇಡ. ವೈದ್ಯರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಹನ್ನೆರಡು ಸಂಪುಟಗಳ ಮಾಲೆ. ಹೆಸರೇ ಅದರ ಉಪಯೋಗವನ್ನು ಹೇಳುತ್ತದೆ. ಮೊದಲು ಹಿರಿಯರು ಓದಿ ಹೇಳುವುದಕ್ಕೂ ಆಮೇಲೆ ಮಗು ತಾನೇ ಓದುವುದಕ್ಕೂ ಅದು ಒದಗುತ್ತದೆ. ೨೦೦೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು ತಮ್ಮ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಹಂತವನ್ನು ಪುಸ್ತಕದ ಮೇಲೆಯೇ ಅಚ್ಚು ಹಾಕುತ್ತಾರೆ. ಮೂರನೆಯ ನಾಲ್ಕನೆಯ ಹಂತದವು ನಾನು ಹೇಳುತ್ತಿರುವ ಕಂದಕಕ್ಕೆ ಒಳ್ಳೆಯ ಹಲಗೆಗಳು. ಅದರ ಆಚೆಗೆ, ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಶಾಲೆಯ ದಿನಗಳನ್ನು ಪುಟ್ಟ ಪುಟ್ಟ ಅಧ್ಯಾಯಗಳಲ್ಲಿ ಬರೆದ 'ತೊತ್ತೋಚಾನ್' ಕನ್ನಡದಲ್ಲಿಯೂ ದೊರೆಯುತ್ತದೆ. ಹತ್ತು ವರ್ಷದ ಓದುಗನಿಗೆ ಅದು ಹಬ್ಬ. ಆದರೂ ಒಂದೇ ಮನೆಯ ಒಂದೇ ಗುಂಪಿನ ಮಕ್ಕಳು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತ ಹೋಗುವ, ಸರಳ ಪದಗಳ ಅಧ್ಯಾಯಮಾಲೆಗಳು ನಮ್ಮಲ್ಲಿ ವಿರಳ. ಬರೆಯುವ ಕೈ ಇದ್ದವರು ಇದನ್ನು ಕೇಳಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ನಾನು ಮೊದಲು ಹೆಸರಿಸಿದ ನಾಲ್ಕು ಊರುಗಳ ಸೀಮೆಯಲ್ಲಿ ಇನ್ನೊಂದು ವಿಶೇಷವನ್ನೂ ಮನಸ್ಸಿನಲ್ಲಿಡಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯ ಬಳಿ ತೆಲುಗು, ಶಾಲೆಯಲ್ಲಿ ಕನ್ನಡ. ಕೈವಾರದ ತಾತಯ್ಯನವರು ಹಾಡಿದ್ದೂ ಎರಡು ಭಾಷೆಗಳಲ್ಲಿಯೇ. ಇದನ್ನು ಕೊರತೆಯೆಂದು ತಿಳಿದು ಮಕ್ಕಳನ್ನು ಗದರಿಸುವವರಿದ್ದಾರೆ. ನನಗೆ ಅದು ಆಸ್ತಿಯಾಗಿ ಕಾಣುತ್ತದೆ. ಪಾಲು ಹಾಲಾಗುವುದು, ಪುಲಿ ಹುಲಿಯಾಗುವುದು, ಪಾಮು ಹಾವಾಗುವುದು ಇವನ್ನು ಒಂದು ಸಲ ತೋರಿಸಿಕೊಟ್ಟರೆ ಮಗು ತಾನೇ ಇನ್ನಷ್ಟನ್ನು ಹುಡುಕಿ ತರುತ್ತದೆ. ಇಂಥ ಮನೆಯಲ್ಲಿ, ಮಗು ತೆಲುಗಿನಲ್ಲಿ ಕೇಳಿ ಬಲ್ಲ ಕಥೆಯನ್ನೇ ಕನ್ನಡದ ಮೊದಲ ಪುಸ್ತಕವಾಗಿ ಆರಿಸುವುದು ಜಾಣತನ. ಕಥೆ ಗೊತ್ತಿದ್ದರೆ ಪದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರಥಮ್ ಬುಕ್ಸ್‌ನವರು ೨೦೧೫ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಅಂತರ್ಜಾಲ ಭಂಡಾರದಲ್ಲಿ ಎಷ್ಟೋ ಕಥೆಗಳು ಎರಡು ಭಾಷೆಗಳಲ್ಲಿಯೂ ಬೆಲೆಯಿಲ್ಲದೆ ಓದಲು ಸಿಕ್ಕುತ್ತವೆ.

ನಮ್ಮ ಶಾಲೆಗಳು ಈ ವಿಷಯದಲ್ಲಿ ಏನೂ ಮಾಡಿಲ್ಲವೆನ್ನುವಂತಿಲ್ಲ. ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ೧೯೯೫ರಲ್ಲಿ 'ನಲಿಕಲಿ'ಯನ್ನು ಆರಂಭಿಸಿದರು. ಅದು ಮುಂದೆ ನಾಡಿನಾದ್ಯಂತ ಕೆಳಗಿನ ತರಗತಿಗಳಿಗೆ ಹರಡಿತು. ಅಲ್ಲಿ ಮಗು ಮೆಟ್ಟಿಲು ಮೆಟ್ಟಿಲಾಗಿ, ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಆದರೆ ಆ ಏಣಿಯ ತುದಿಯಲ್ಲಿ ಕೈಗೆ ಸಿಕ್ಕಬೇಕಾದುದು ಪಠ್ಯವಲ್ಲದ ಪುಸ್ತಕ. ಅದು ಮನೆಯವರ, ಪುಸ್ತಕಾಲಯದ, ನಮ್ಮೆಲ್ಲರ ಕೆಲಸ.

ಈಗ ನನ್ನ ಅಕ್ಕನ ಮಗನ ಕಥೆಯನ್ನು ಮುಗಿಸುತ್ತೇನೆ. ಭಾವನವರ ಮಾತಿನಿಂದ ಬುದ್ಧಿ ಕಲಿತು, ಮುಂದಿನ ಬಾರಿ ನಾನು ಒಂದೇ ಒಂದು ತೆಳುಪುಸ್ತಕವನ್ನು ಒಯ್ದೆ. ಒಂದು ಮೇಕೆಯ ಕಥೆ, ಆರು ಚಿಕ್ಕ ಅಧ್ಯಾಯಗಳು. ಮೊದಲನೆಯದನ್ನು ನಾನೇ ಓದಿದೆ. ಅಡಿಗೆಮನೆಯಲ್ಲಿ ಕುಳಿತಿದ್ದ ಅವನ ಅಜ್ಜಿ ತೆಲುಗಿನವರು, ಕನ್ನಡ ಓದಲಾರರು. ಹುಡುಗ ಹೋಗಿ ಅವರಿಗೆ ಆ ಅಧ್ಯಾಯವನ್ನು ತೆಲುಗಿನಲ್ಲಿ ಹೇಳಿದ. ಮುಗಿದಾಗ ಅಜ್ಜಿ "ತರ್ವಾತ?" ಎಂದರು. ತರ್ವಾತ ಏನೆಂಬುದು ಅವನಿಗೂ ಗೊತ್ತಿರಲಿಲ್ಲ. ಹಿಂದಕ್ಕೆ ಬಂದು, ಹುಳುಮನೆಯ ಬಾಗಿಲಲ್ಲಿ ಕುಳಿತು, ಎರಡನೆಯ ಅಧ್ಯಾಯವನ್ನು ತಾನೇ ಓದಿದ. ಆರು ಸಂಜೆಗಳಲ್ಲಿ ಮೇಕೆಯ ಕಥೆ ಮುಗಿಯಿತಂತೆ. ಏಳನೆಯ ದಿನ ನನಗೆ ಟೆಲಿಫೋನು ಬಂದಿತು: "ಮಾವ, ಇದರ ಇನ್ನೊಂದು ಪುಸ್ತಕ ಇದೆಯಾ?"

ಒಂದು ಮಾಲೆಯನ್ನು ಆರಿಸುವ ಬಗೆಗೆ ನಾನು ಹೇಳಬೇಕಾದುದೆಲ್ಲ ಈ ಪ್ರಶ್ನೆಯಲ್ಲಿದೆ. ಮೊದಲನೆಯ ಪುಸ್ತಕವನ್ನು ನಾವು ಆರಿಸಬಹುದು. ಎರಡನೆಯದನ್ನು ಮಗು ಕೇಳಬೇಕು. ಕೇಳದಿದ್ದರೆ ಆ ಮಾಲೆ ಎಷ್ಟೇ ಪ್ರಸಿದ್ಧವಾಗಿರಲಿ, ಆ ಮಗುವಿಗೆ ಸಲ್ಲದು. ಬೇಸರಪಡದೆ ಬೇರೊಂದನ್ನು ನೋಡಬೇಕು. ಇಪ್ಪತ್ತನ್ನೂ ಒಟ್ಟಿಗೆ ಕೊಂಡವನಿಗೆ ಮಗುವಿನ ಈ ಕೇಳಿಕೆಯನ್ನು ಕೇಳುವ ಅವಕಾಶವೇ ಇರುವುದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆ ಸೇರುವುದಕ್ಕಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದವರು. ಎಲ್ಲ ಮಕ್ಕಳಿಗೂ ಅಷ್ಟು ದೂರ ನಡೆಯುವ ಛಲ ಇರುವುದಿಲ್ಲ. ಪುಸ್ತಕವೇ ಅವರ ಬಳಿಗೆ ನಡೆದುಹೋಗಬೇಕು. ೨೦೨೦ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿಯ ಪುಸ್ತಕಾಲಯಗಳು ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡತೊಡಗಿದುವು. ನಿಮ್ಮ ಮಕ್ಕಳು ಓದಿ ಬೆಳೆದುಬಿಟ್ಟ ಮಾಲೆಗಳು ನಿಮ್ಮ ಬೀರುವಿನಲ್ಲಿ ಇವೆಯಷ್ಟೆ? ಊರಿಗೆ ಹೋಗುವಾಗ ಅವನ್ನು ಒಯ್ದು ಅಲ್ಲಿಯ ಪುಸ್ತಕಾಲಯಕ್ಕೆ ಕೊಡಿರಿ. ಕೊಟ್ಟು ಬರುವ ಮೊದಲು ಅಲ್ಲಿರುವ ಒಂದು ಮಗುವನ್ನು ಕರೆದು ಕೂರಿಸಿ, ಮೊದಲನೆಯ ಅಧ್ಯಾಯವನ್ನು ನೀವೇ ಓದಿ ಹೇಳಿರಿ, ಎರಡನೆಯದನ್ನು ಓದಬೇಡಿರಿ.